ಲೌಡ್‌ನೆಸ್ ಸಿಂಗಲ್ ತೊಳೆದು ಕೇಳಿದ್ದು

ಕೆಲಸಕ್ಕೆಂದು ಒಸಾಕಾಕ್ಕೆ ಬಂದ ನಾನು ಮೊದಲು ಹುಡುಕಿದ್ದು ಲೌಡ್‌ನೆಸ್ ರೆಕಾರ್ಡನ್ನು. ಇದೇ ಊರಿನ ಹೆವಿ ಮೆಟಲ್ ಬ್ಯಾಂಡ್, ಶುರುವಾಗಿದ್ದು 1981ರಲ್ಲಿ. ಗಿಟಾರಿನ ಅಕಿರಾ ತಕಾಸಾಕಿ, ಡ್ರಮ್ಸಿನ ಮುನೆತಾಕಾ ಹಿಗುಚಿ ಇಬ್ಬರೂ ಮುಂಚೆ ಲೇಜಿ ಅನ್ನೋ ಪಾಪ್ ತಂಡದಲ್ಲಿದ್ದವರು.

ಇಲ್ಲಿನ ಅಮೆರಿಕಾಮುರಾ ಬಡಾವಣೆಯ ಹಳೇ ರೆಕಾರ್ಡ್ ಅಂಗಡಿಯಲ್ಲಿ 1982ರ 'ಬರ್ನಿಂಗ್ ಲವ್' ಸಿಂಗಲ್ ಸಿಕ್ಕಿತು. ಬದಿಗೊಂದೇ ಹಾಡಿರುವ ಏಳು ಇಂಚಿನ ರೆಕಾರ್ಡ್, ಹಿಂದುಗಡೆ 'ಬ್ಯಾಡ್ ನ್ಯೂಸ್'. ಕೊಳ್ಳುವ ಮುಂಚೆ ತೆಗೆದು ನೋಡೋದಕ್ಕೆ ಇಲ್ಲಿ ಕೆನ್‌ಬನ್ ಅಂತಾರೆ. ಕೇಳಿದರೆ ತೋರಿಸುತ್ತಾರೆ, ಸಂಕೋಚ ಬೇಡ. ದೀಪಕ್ಕೆ ಓರೆಯಾಗಿ ಹಿಡಿದೆ. ಆಳದ ಗೀರು ಒಂದೂ ಇಲ್ಲ, ಮಂಕು ಮಾತ್ರ ಇತ್ತು.

ಮನೆಗೆ ಬಂದು ನಡುವಿನ ದೊಡ್ಡ ತೂತಿಗೆ ಅಡಾಪ್ಟರ್ ಇಟ್ಟು, ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಹಾಕಿದೆ. ಒಗ್ಗರಣೆ ಸಿಡಿದ ಹಾಗೆ ಚಟಪಟ! ಸವೆದೇ ಹೋಗಿದೆ ಅಂದುಕೊಂಡೆ. ಆದರೆ ಸವೆದಿದ್ದರೆ ಹಾಡು ಜೋರಾದ ಕಡೆ ದನಿ ಒಡೆಯಬೇಕು. ಇಲ್ಲಿ ಮೆಲ್ಲಗಿದ್ದಲ್ಲೂ ಒಂದೇ ಸಮ ಸಿಡಿಯುತ್ತಿತ್ತು. ಸೂಜಿ ಎತ್ತಿ ನೋಡಿದರೆ ತುದಿಗೆ ಬೂದಿ ಬಣ್ಣದ ಕಸ, ನೂಲಿನ ಎಳೆಯಷ್ಟು. ಅಲ್ಲಿಗೆ ಗೊತ್ತಾಯಿತು, ಇದು ಬರೀ ಕೊಳೆ.

ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ನಲ್ಲಿ ನೀರು ಒಣಗಿದರೆ ಕಲೆ ಉಳಿಯುತ್ತದೆ, ಅದಕ್ಕೇ ಡಿಸ್ಟಿಲ್ಡ್. ರೆಕಾರ್ಡನ್ನು ಮಡಿಸಿದ ಬಟ್ಟೆಯ ಮೇಲಿಟ್ಟು, ಮೃದು ಬ್ರಷ್ಷನ್ನು ಗೆರೆ ಸುತ್ತುವ ದಿಕ್ಕಿನಲ್ಲೇ ಆಡಿಸಿದೆ. ಲೇಬಲ್ ಕಾಗದದ್ದು, ಅದಕ್ಕೆ ನೀರು ತಾಗಿಸಬಾರದು. ಒರೆಸಿದ ಬಟ್ಟೆ ಟೀ ಸೋಸಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ರಾತ್ರಿಯಿಡೀ ನಿಲ್ಲಿಸಿದೆ. ಹಳೇ ಕವರಿನಲ್ಲಿ ಧೂಳಿತ್ತು. ತೊಳೆದದ್ದನ್ನು ವಾಪಸ್ ಅದರೊಳಗೇ ಹಾಕಿದರೆ ಏನು ಬಂತು? ಹೊಸದು ತಂದೆ.

ಬೆಳಗ್ಗೆ ಹಾಕಿದಾಗ ಹಿಗುಚಿಯ ಡ್ರಮ್ಸ್ ಎದುರಿಗೇ ಬಂದು ನಿಂತಂತಾಯಿತು. ಅವರು 2008ರಲ್ಲಿ ತೀರಿಕೊಂಡರು. ಕ್ಯಾನ್ಸರ್. ಹಿಂದಿನ ದಿನ ಚಟಪಟದಲ್ಲಿ ಮುಳುಗಿಹೋಗಿದ್ದ ಸಿಂಬಲ್, ಅಂದರೆ ಡ್ರಮ್ಸಿನ ಜೊತೆಯ ಲೋಹದ ತಟ್ಟೆ, ಹೊಡೆದ ಮೇಲೆ ಎಷ್ಟು ಹೊತ್ತು ಗುಂಯ್ ಅನ್ನುತ್ತದೆ ಅಂತ ಈಗ ಕೇಳಿಸಿತು.

ಆ ದಿನವೇ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಸದ್ದು ತೆಗೆಯುವ ಫಿಲ್ಟರ್ ಹಾಕಿ ನೋಡಿದೆ. ಚಟಪಟದ ಜೊತೆ ಸಿಂಬಲ್ಲಿನ ಆ ಗುಂಯ್ ಕೂಡ ಹೋಯಿತು. ಫಿಲ್ಟರ್ ತೆಗೆದುಬಿಟ್ಟೆ. ಉಳಿದ ಒಂದೆರಡು ಚಟಕ್ ಸದ್ದು ಹಾಗೇ ಇದೆ.