ಯು0126 ಕೋಡ್ ಬಂದ್ರೆ ಸೆನ್ಸರ್ ಬದಲಿಸೋ ಮೊದಲು ಇದನ್ನ ನೋಡಿ

ಸ್ಕ್ಯಾನರ್‌ನಲ್ಲಿ ಕಾಣೋ ಈ ದೋಷದ ಕೋಡ್ (U0126) ಅಂದ್ರೆ, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಹೇಳೋ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್‌ನಿಂದ ಸಂದೇಶ ಬರ್ತಿಲ್ಲ ಅಂತ, ಸೆನ್ಸರ್ ಕೆಟ್ಟಿದೆ ಅಂತಲ್ಲ. ದಯವಿಟ್ಟು ಹೊಸ ಸೆನ್ಸರ್ ತರೋಕೆ ಓಡಬೇಡಿ.

ಮೊದಲು ಬ್ಯಾಟರಿ. ಗಾಡಿ ಆಫ್ ಇದ್ದಾಗ 12.4 ವೋಲ್ಟ್‌ಗಿಂತ ಕಮ್ಮಿ ಇದ್ರೆ ಫುಲ್ ಚಾರ್ಜ್ ಮಾಡಿ, ಕೋಡ್ ಅಳಿಸಿ ನೋಡಿ. ಆಮೇಲೆ ಸೆನ್ಸರ್‌ನ ಫ್ಯೂಸ್ ನೋಡಿ.

ಮತ್ತೆ ಬಂತಾ? ಬ್ಯಾಟರಿ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಸ್ಕ್ಯಾನರ್ ಚುಚ್ಚೋ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ಅಳೀರಿ. ಕ್ಯಾನ್ ಲೈನಿನ (ಗಾಡಿಯ ಕಂಪ್ಯೂಟರ್‌ಗಳು ಸಂದೇಶ ಕಳಿಸೋ ಎರಡು ವೈರ್) ಎರಡೂ ತುದಿಯಲ್ಲಿ 120 ಓಮ್ಸ್ ರೆಸಿಸ್ಟರ್ ಪ್ಯಾರಲಲ್ ಆಗಿ ಇರೋದ್ರಿಂದ 60ರ ಆಸುಪಾಸು ಬರಬೇಕು. 120 ಬಂದ್ರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆ ಹತ್ತಿರ ಇದ್ರೆ ಎರಡೂ ವೈರ್ ಒಂದಕ್ಕೊಂದು ತಾಗಿವೆ. 60 ಬಂತು ಅಂತ ಸುಮ್ಮನಾಗಬೇಡಿ, ಸೆನ್ಸರ್‌ಗೆ ಹೋಗೋ ಕವಲು ವೈರ್ ತುಂಡಾಗಿದ್ರೂ 60 ತೋರಿಸುತ್ತೆ. ಗೇಟ್‌ವೇ (ಸಾಕೆಟ್ ಮತ್ತು ಒಳಗಿನ ಲೈನ್ ನಡುವೆ ಕೂರೋ ಮಾಡ್ಯೂಲ್) ಇರೋ ಗಾಡಿಯಲ್ಲಂತೂ ಈ ಪಿನ್‌ಗಳಲ್ಲಿ ಒಳಗಿನ ಲೈನ್ ಸಿಗೋದೇ ಇಲ್ಲ.

ಹಾಗಾಗಿ ಸೆನ್ಸರ್ ಕನೆಕ್ಟರ್ ಬಿಚ್ಚಿ ನೋಡಿ: ಹಸಿರು ಕಿಲುಬು, ಹಿಂದಕ್ಕೆ ಸರಿದ ಪಿನ್, ಇಲಿ ಕಡಿದ ವೈರ್. ಹಳದಿ ಕನೆಕ್ಟರ್ ಏರ್‌ಬ್ಯಾಗ್‌ದು, ಅದಕ್ಕೆ ಮೀಟರ್ ಹಚ್ಚಲೇಬೇಡಿ. ಸಪ್ಲೈ, ಅರ್ತ್, ಎರಡು ಕ್ಯಾನ್ ವೈರ್ ಎಲ್ಲಾ ಸರಿ ಇದ್ರೆ ಮಾತ್ರ ಸೆನ್ಸರ್ ಬದಲಿಸಿ. ಹಾಕಿದ ಮೇಲೆ ಸ್ಟೀರಿಂಗ್ ನೇರ ಇಟ್ಟು ಸ್ಕ್ಯಾನರ್‌ನಲ್ಲಿ ಕ್ಯಾಲಿಬ್ರೇಷನ್ (ನೇರ ಇರೋದೇ ಸೊನ್ನೆ ಅಂತ ಸೆನ್ಸರ್‌ಗೆ ತಿಳಿಸೋದು) ಮಾಡಿಸಿ.