ಒಂದು ಮೋಲ್ಡ್ ಪೂರ್ತಿ ನೋಡಿ: ಸಿವಿಲ್ ಓದುವವರಿಗೆ ಸೈಟ್ ಇಂಟರ್ನ್‌ಶಿಪ್ ಮಾಡುವ ಬಗೆ

ಮೊನ್ನೆ ನಾವು ಕಟ್ಟಡ ಕಟ್ಟುತ್ತಿರುವ ಸೈಟಿಗೆ ಇಂಟರ್ನ್‌ಶಿಪ್ ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಸಿವಿಲ್ ಇಂಜಿನಿಯರಿಂಗ್, ಏಳನೇ ಸೆಮಿಸ್ಟರ್. "ಮೇಡಂ, ನಾಲ್ಕು ವಾರ ನಾನು ಏನು ಮಾಡಬೇಕು?" ಎಂದ. 2010ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾನು ಅರಸೀಕೆರೆಯಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಮುಂದೆ ನಿಂತಿದ್ದೆ. ಆಗ ಸರಿಯಾಗಿ ಹೇಳುವವರು ಯಾರೂ ಸಿಗಲಿಲ್ಲ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆದಿದ್ದೇನೆ.

ನಮ್ಮ ಕಾಲದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಇರಲಿಲ್ಲ. ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅದನ್ನು ಕೋರ್ಸಿನೊಳಗೇ ಸೇರಿಸಿದೆ. ಒಳ್ಳೆಯದೇ. ಆದರೆ ಕಡ್ಡಾಯ ಆದ ಮೇಲೆ ಸರ್ಟಿಫಿಕೇಟ್ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಆಗಲೂ ಇದ್ದರು. ನಾನು ಮೊದಲು ಹೋದ ಆಫೀಸಿನಲ್ಲಿ ದುಡ್ಡು ಕಟ್ಟಲು ಹೇಳಿದರು. "ಸೈಟಿಗೆ ಯಾವತ್ತಿಂದ ಬರಲಿ?" ಎಂದು ಕೇಳಿದೆ. "ಬರೋದೇನೂ ಬೇಡ, ತಿಂಗಳು ಬಿಟ್ಟು ಸರ್ಟಿಫಿಕೇಟ್ ತಗೊಂಡು ಹೋಗಿ" ಎಂದರು. ಅಪ್ಪ ತೆಂಗಿನಕಾಯಿ ಮಾರಿದ ದುಡ್ಡು ಕೈಯಲ್ಲಿತ್ತು. ವಾಪಸ್ ತಂದೆ. ನಿಮ್ಮ ಹತ್ತಿರ ಯಾರಾದರೂ ಹೀಗೆ ದುಡ್ಡು ಕೇಳಿದರೆ ದಯವಿಟ್ಟು ಎದ್ದು ಬನ್ನಿ.

ಸೈಟ್ ಹುಡುಕುವಾಗ ಕಂಪನಿಯ ಹೆಸರಿಗಿಂತ ಕೆಲಸ ಯಾವ ಹಂತದಲ್ಲಿದೆ ಎಂದು ನೋಡಿ. ಬೆಂಗಳೂರಿನ ದೊಡ್ಡ ಟವರ್ ಸಿಕ್ಕಿತು ಎಂದು ಖುಷಿಪಟ್ಟು ಹೋಗುತ್ತೀರಿ. ಅಲ್ಲಿ ಆ ತಿಂಗಳು ಟೈಲ್ಸ್ ಮತ್ತು ಪೇಂಟಿಂಗ್ ಮಾತ್ರ ನಡೆಯುತ್ತಿದ್ದರೆ ಕಬ್ಬಿಣ ಕಟ್ಟುವುದನ್ನು ನೋಡುವುದು ಎಲ್ಲಿ? ಅದಕ್ಕಿಂತ ನಿಮ್ಮ ತಾಲ್ಲೂಕಿನಲ್ಲಿ ಎರಡು ಮಹಡಿಯ ಶಾಲೆಯೋ ಆಸ್ಪತ್ರೆಯೋ ಏಳುತ್ತಿದ್ದರೆ ಅದೇ ವಾಸಿ. ಕಾಲೇಜಿನ ಪತ್ರ ಹಿಡಿದುಕೊಂಡು ನೇರ ಹೋಗಿ. ಪಿಡಬ್ಲ್ಯೂಡಿ ಉಪವಿಭಾಗದ ಕಚೇರಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಕಚೇರಿ, ಊರಿನ ಕಂಟ್ರಾಕ್ಟರ್ ಎಲ್ಲ ಕಡೆ ಕೇಳಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್ ಕೂಡ ಇದೆ, ಅದನ್ನೂ ನೋಡಿ. ಎಲ್ಲೇ ಹೋದರೂ ಎರಡು ಪ್ರಶ್ನೆ ಕೇಳದೆ ಒಪ್ಪಿಕೊಳ್ಳಬೇಡಿ. ಮುಂದಿನ ನಾಲ್ಕು ವಾರದಲ್ಲಿ ಮೋಲ್ಡ್ (ಕಾಂಕ್ರೀಟ್ ಛಾವಣಿ, ಪುಸ್ತಕದ ಭಾಷೆಯಲ್ಲಿ ಸ್ಲ್ಯಾಬ್) ಬೀಳುತ್ತದಾ? ನನ್ನನ್ನು ದಿನಾ ಸೈಟಿನೊಳಗೆ ಬಿಡುತ್ತೀರಾ?

ಹುಡುಗಿಯರಿಗೆ ಇನ್ನೊಂದು ಮಾತು. ಶೌಚಾಲಯ ಎಲ್ಲಿದೆ ಎಂದು ಮೊದಲ ದಿನವೇ ಕೇಳಿ, ಸಂಕೋಚ ಬೇಡ. ನಾನು ಕೇಳಲು ನಾಚಿಕೊಂಡು ಮೊದಲ ವಾರ ಪೂರ್ತಿ ನೀರನ್ನೇ ಕುಡಿಯುತ್ತಿರಲಿಲ್ಲ. ಬಿಸಿಲಿಗೆ ತಲೆ ಸುತ್ತಿ ಕೂತುಬಿಟ್ಟೆ. ಅಲ್ಲಿ ಜಲ್ಲಿ ಹೊರುತ್ತಿದ್ದ ಅಕ್ಕ ಒಬ್ಬರು ಪಕ್ಕದ ಮನೆಯವರ ಹತ್ತಿರ ಮಾತಾಡಿ ವ್ಯವಸ್ಥೆ ಮಾಡಿಕೊಟ್ಟರು. ಅವರ ಋಣ ನನ್ನ ಮೇಲಿದೆ.

ಗಟ್ಟಿ ಶೂ, ಹೆಲ್ಮೆಟ್, ಐದು ಮೀಟರ್ ಟೇಪು, ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ಕು. ಇಷ್ಟಿದ್ದರೆ ಸಾಕು. ಹೆಲ್ಮೆಟ್ ಅವರು ಕೊಡದಿದ್ದರೆ ನೀವೇ ಕೊಂಡುಕೊಳ್ಳಿ. ಎತ್ತರದಲ್ಲಿ ಬೆಲ್ಟ್ ಇಲ್ಲದೆ ಕೆಲಸ ನಡೆಯುತ್ತಿದ್ದರೆ ಅಲ್ಲಿಗೆ ಹತ್ತಬೇಡಿ, ಯಾರು ಕರೆದರೂ ಸರಿ.

ಮೊದಲ ಮೂರು ದಿನ ಡ್ರಾಯಿಂಗ್ ಕೈಯಲ್ಲಿ ಹಿಡಿದು ಸುಮ್ನೆ ಓಡಾಡಿ. ಹಾಳೆಯಲ್ಲಿರುವ ಒಂದೊಂದು ಕಾಲಮ್ ನೆಲದಲ್ಲಿ ಎಲ್ಲಿದೆ ಎಂದು ಗುರುತು ಮಾಡಿ. ಇದರ ಜೊತೆಗೆ ಮಾತು ಕಲಿಯಿರಿ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ, ನಮ್ಮ ಪುಸ್ತಕದ ಸ್ಟಿರಪ್ ಸೈಟಿನಲ್ಲಿ ರಿಂಗ್ ಆಗುತ್ತದೆ, ಕಾಂಕ್ರೀಟಿಗೆ ಅಚ್ಚಾಗುವ ಫಾರ್ಮ್‌ವರ್ಕ್ ಸೆಂಟ್ರಿಂಗ್ ಆಗುತ್ತದೆ, ಪ್ಲಂಬ್ ಬಾಬ್ ತೂಕಗುಂಡು ಆಗುತ್ತದೆ. ಕಬ್ಬಿಣ ಕಟ್ಟುವವರಲ್ಲಿ ಹಿಂದಿ, ಬಂಗಾಳಿ ಮಾತಾಡುವವರೂ ಇರುತ್ತಾರೆ. ಅವರ ಜೊತೆಗೂ ಕೂತು ಟೀ ಕುಡಿಯಿರಿ.

ನನಗೆ ಸಿಕ್ಕ ಮೇಸ್ತ್ರಿ ಶಾಲೆಗೆ ಹೋದವರಲ್ಲ. ಮೊದಲ ದಿನ ಒಂದು ದಾರ ಕೊಟ್ಟು, "ಅವ್ವಾ, ಈ ಮೂಲೆ ಮಟ್ಟಕ್ಕೆ ಐತಾ ನೋಡು" ಎಂದರು. ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ಎಂದು ಅರ್ಥ. ನಾನು ಕಣ್ಣಳತೆಯಲ್ಲೇ ಸರಿ ಇದೆ ಎಂದೆ. ಅವರು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಹಾಕಿ ಅಡ್ಡಕ್ಕೆ ಟೇಪು ಹಿಡಿದರು. ಐದು ಬರಲಿಲ್ಲ. ಪೈಥಾಗೊರಸನ ಪ್ರಮೇಯಕ್ಕೆ ಎಂಟನೇ ಕ್ಲಾಸಿನಿಂದ ಮಾರ್ಕ್ಸ್ ತಗೊಂಡಿದ್ದವಳು ನಾನು. ಅದನ್ನು ಕೆಲಸಕ್ಕೆ ಹಚ್ಚಿದ್ದನ್ನು ಅವತ್ತೇ ಮೊದಲು ನೋಡಿದ್ದು.

ಈಗ ಮುಖ್ಯ ವಿಷಯ. ನಾಲ್ಕು ವಾರದಲ್ಲಿ ಎಲ್ಲವನ್ನೂ ಕಲಿಯಲು ಹೋಗಬೇಡಿ, ಆಗುವುದಿಲ್ಲ. ಒಂದೇ ಒಂದು ಸ್ಲ್ಯಾಬ್ ಆರಿಸಿಕೊಳ್ಳಿ. ಸೆಂಟ್ರಿಂಗ್ ಹಲಗೆ ಹಾಕುವ ದಿನದಿಂದ ಬಿಚ್ಚುವ ದಿನದವರೆಗೆ ಅದರ ಬೆನ್ನು ಬಿಡಬೇಡಿ.

ಹಲಗೆ ಹಾಕಿದಾಗ ಮಟ್ಟ ನೋಡಿ, ಹಲಗೆಗೆ ಕೊಟ್ಟ ಆಸರೆ ಕಂಬಗಳ, ಅಂದರೆ ಪ್ರಾಪುಗಳ, ನಡುವಿನ ಅಂತರ ಅಳೆದು ಬರೆದುಕೊಳ್ಳಿ. ಕಬ್ಬಿಣ ಬಂದಾಗ ತೂಕ ಲೆಕ್ಕ ಹಾಕಿ. ಮಿ.ಮೀ. ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. 10 ಮಿ.ಮೀ. ಕಂಬಿಗೆ 0.617 ಕಿಲೋ. 12 ಮೀಟರಿನ ಒಂದು ಕಂಬಿ ಸುಮಾರು 7.4 ಕಿಲೋ ತೂಗಬೇಕು. ನಿಮ್ಮ ಸೈಟಿಗೆ ಬಂದ ಕಂಬಿಯನ್ನು ನಿಜವಾಗಿ ತೂಗಿ ನೋಡಿ. ಕಬ್ಬಿಣ ಕಟ್ಟಿದ ಮೇಲೆ ಟೇಪು ಹಿಡಿದು ಬಗ್ಗಿ. ಕಂಬಿಯಿಂದ ಕಂಬಿಗೆ ಡ್ರಾಯಿಂಗಿನಲ್ಲಿ ಹೇಳಿದಷ್ಟೇ ಅಂತರ ಇದೆಯಾ? ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯಲು ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರಾ? ಮಾಮೂಲಿ ವಾತಾವರಣದಲ್ಲಿ ಸ್ಲ್ಯಾಬಿಗೆ 20 ಮಿ.ಮೀ., ಕಾಲಮ್ಮಿಗೆ 40 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್, ಬೇಕು. ಕಾಂಕ್ರೀಟಿನ ಬ್ಲಾಕ್ ಬದಲು ಜಲ್ಲಿಕಲ್ಲು ಸಿಕ್ಕಿಸಿದ್ದರೆ ಇಂಜಿನಿಯರಿಗೆ ತೋರಿಸಿ. ಮೇಲಿನ ಕಂಬಿಗಳು ಜನರ ಕಾಲಿಗೆ ಸಿಕ್ಕಿ ಕುಗ್ಗಿವೆಯಾ ಎಂದೂ ನೋಡಿ. ಬಾಲ್ಕನಿ ಇದ್ದರಂತೂ ಬಿಡಲೇಬೇಡಿ. ಅಲ್ಲಿ ಭಾರ ತಡೆಯುವುದು ಮೇಲಿನ ಕಂಬಿಯೇ.

ಮೋಲ್ಡ್ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಕೊನೆಗೆ ಬನ್ನಿ. ಸ್ಲಂಪ್ ತೆಗೆಯುವುದನ್ನು (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂದು ಅಳೆಯುವುದು), ಬಲ ಪರೀಕ್ಷೆಗೆ 150 ಮಿ.ಮೀ. ಕ್ಯೂಬ್ ತುಂಬುವುದನ್ನು ನಾನೇ ಮಾಡುತ್ತೇನೆ ಎಂದು ಕೇಳಿಕೊಳ್ಳಿ. ಎಷ್ಟು ಕಾಂಕ್ರೀಟಿಗೆ ಎಷ್ಟು ಸಲ ಸ್ಯಾಂಪಲ್ ತೆಗೆಯಬೇಕು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456ರಲ್ಲಿ ಇದೆ. ಐದು ಘನ ಮೀಟರಿನವರೆಗೆ ಒಂದು, 15ರವರೆಗೆ ಎರಡು, 30ರವರೆಗೆ ಮೂರು. ಒಂದೊಂದು ಸ್ಯಾಂಪಲಿಗೂ ಮೂರು ಕ್ಯೂಬ್.

ನನ್ನ ಮೋಲ್ಡ್ ದಿನ ನಡೆದದ್ದನ್ನು ಹೇಳಲೇಬೇಕು. ಸೈಟಿನಲ್ಲೇ ಮಿಕ್ಸರಿನಲ್ಲಿ ಕಲಸುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಮಾಲು ಗಟ್ಟಿಯಾಗತೊಡಗಿತು. ಬೇಗ ಸುರಿಯಲಿ ಎಂದು ಒಬ್ಬರು ಒಂದು ಬಕೆಟ್ ನೀರು ಜಾಸ್ತಿ ಹಾಕಿದರು. 50 ಕಿಲೋ ಸಿಮೆಂಟಿಗೆ 25 ಲೀಟರ್ ನೀರು ಎಂದರೆ ನೀರು-ಸಿಮೆಂಟ್ ಅನುಪಾತ 0.5. ಅದಕ್ಕೆ ಇನ್ನೊಂದು 10 ಲೀಟರ್ ಬಿದ್ದರೆ 0.7! ನನಗೆ ಲೆಕ್ಕ ಗೊತ್ತಿತ್ತು, ಬಾಯಿ ಬರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿದರು. ಆ ಮಾಲನ್ನು ಮೋಲ್ಡಿಗೆ ಬಿಡದೆ ಪಕ್ಕಕ್ಕೆ ಸುರಿಸಿದರು. "ಇದರಾಗೂ ಮೂರು ಡಬ್ಬ ತುಂಬಿಡವ್ವಾ" ಎಂದರು. ತುಂಬಿದೆ. ಬೆಳಗಿನ ಕ್ಯೂಬಿನ ಮೇಲೆ ಒಂದು ಗುರುತು, ಇದರ ಮೇಲೆ ಇನ್ನೊಂದು.

ಕ್ಯೂಬಿನ ಬಲ ಪರೀಕ್ಷಿಸುವುದು 28ನೇ ದಿನ. ಅಷ್ಟು ದಿನ ಆಗುವಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿದಿತ್ತು. ಆದರೂ ಬಸ್ ಹತ್ತಿ ಹಾಸನದ ಲ್ಯಾಬಿಗೆ ಹೋದೆ. ಎಂ20 ಕಾಂಕ್ರೀಟ್ (ಚದರ ಮಿ.ಮೀ.ಗೆ 20 ನ್ಯೂಟನ್ ಬಲದ್ದು) ಎಂದರೆ ಆ ಕ್ಯೂಬ್ 450 ಕಿಲೋನ್ಯೂಟನ್ ಭಾರವನ್ನಾದರೂ ತಡೆಯಬೇಕು. ಬೆಳಗಿನವು ಅದನ್ನು ದಾಟಿ ಹೋದವು. ನೀರು ಜಾಸ್ತಿ ಬಿದ್ದ ಕ್ಯೂಬುಗಳು ಅಲ್ಲಿಗೆ ತಲುಪುವ ಮೊದಲೇ ಬಿರುಕು ಬಿಟ್ಟವು. ಮಷೀನಿನ ಮುಳ್ಳು ನಿಂತದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲ ಕೆಲಸದ ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ. "ಕಾಂಕ್ರೀಟಿಗೆ ನೀರು ಜಾಸ್ತಿ ಆದರೆ ಏನಾಗುತ್ತದೆ?" ಬಲ ಕಮ್ಮಿಯಾಗುತ್ತದೆ ಎಂದು ಹೇಳಲು ಯಾರಿಗಾದರೂ ಬರುತ್ತದೆ. ನಾನು ಆ ಆರು ಕ್ಯೂಬುಗಳ ಕಥೆ ಹೇಳಿದೆ. ನೋಟ್‌ಬುಕ್ಕು ಚೀಲದಲ್ಲೇ ಇತ್ತು, ತೆಗೆದು ತೋರಿಸಿದೆ. ಮುಂದಿನ ಇಪ್ಪತ್ತು ನಿಮಿಷ ಅವರು ಮಾರ್ಕ್ಸ್ ಕಾರ್ಡ್ ಕಡೆ ನೋಡಲೇ ಇಲ್ಲ.

ಈಗ ಮೇಜಿನ ಈ ಕಡೆ ಕೂತು ನಾನೂ ಹಾಗೇ ಕೇಳುತ್ತೇನೆ. ನೀವು ನೋಡಿದ ಸ್ಲ್ಯಾಬಿನ ದಪ್ಪ ಎಷ್ಟಿತ್ತು? ಪ್ರಾಪು ಎಷ್ಟನೇ ದಿನ ತೆಗೆದರು? ಎಷ್ಟು ದಿನ ನೀರು ಕಟ್ಟಿದರು? ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಾದರೆ 4.5 ಮೀಟರಿನವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಪ್ರಾಪು ಇರಬೇಕು. ಕ್ಯೂರಿಂಗ್, ಅಂದರೆ ನೀರು ಕಟ್ಟುವುದು, ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ (ಪೊಝೊಲಾನಾ ಬೆರೆಸಿದ ಸಿಮೆಂಟ್) ಕನಿಷ್ಠ 10 ದಿನ. ಇದು ಕೋಡಿನ ಉತ್ತರ. ನಿಮ್ಮ ಸೈಟಿನಲ್ಲಿ ಏನು ಮಾಡಿದರು, ಯಾಕೆ ಹಾಗೆ ಮಾಡಿದರು ಎನ್ನುವುದು ನಿಮ್ಮ ಉತ್ತರ. ಎರಡೂ ಬೇಕು.

ಹಾಗಾಗಿ ನೋಟ್‌ಬುಕ್ಕಿಗೆ ದಿನಾ ಸಂಜೆ ಅರ್ಧ ಗಂಟೆ ಕೊಡಿ. ತಾರೀಖು, ಎಷ್ಟು ಜನ ಕೆಲಸಕ್ಕೆ ಬಂದಿದ್ದರು, ಎಷ್ಟು ಚೀಲ ಸಿಮೆಂಟ್ ಹೋಯಿತು, ಯಾವ ಕೆಲಸ ಯಾಕೆ ನಿಂತಿತು, ಎಲ್ಲ ಬರೆಯಿರಿ. ಕೈಯಲ್ಲೇ ಒಂದು ಚಿತ್ರ ಹಾಕಿ. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ. ಕಾಲೇಜಿಗೆ ಕೊಡುವ ರಿಪೋರ್ಟ್ ಈ ನೋಟ್‌ಬುಕ್ಕಿನಿಂದಲೇ ಬರಲಿ. ಸೀನಿಯರಿನ ರಿಪೋರ್ಟಿನಲ್ಲಿ ಹೆಸರು ಬದಲಾಯಿಸಿ ಕೊಟ್ಟರೆ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಕೊನೆಯ ವಾರದಲ್ಲಿ ಒಂದು ದಿನ ಬಿಲ್ಲಿಂಗ್ ಮಾಡುವವರ ಪಕ್ಕ ಕೂರಿ. ನೀವು ಬೆನ್ನು ಹತ್ತಿದ ಸ್ಲ್ಯಾಬ್ 6 ಮೀಟರ್ ಉದ್ದ, 4 ಮೀಟರ್ ಅಗಲ, 125 ಮಿ.ಮೀ. ದಪ್ಪ ಇದ್ದರೆ ಕಾಂಕ್ರೀಟ್ 3 ಘನ ಮೀಟರ್. ಅದು ಅಳತೆ ಪುಸ್ತಕದಲ್ಲಿ ಹೇಗೆ ಏರುತ್ತದೆ, ಆಮೇಲೆ ಹೇಗೆ ದುಡ್ಡಾಗುತ್ತದೆ ಎಂದು ನೋಡಿ. ಡಿಸೈನ್ ಇಷ್ಟ ಎನ್ನುವವರೂ ಇದನ್ನು ಬಿಡಬೇಡಿ. ನನ್ನ ಜೊತೆ ಓದಿದ ಒಬ್ಬಳಿಗೆ ಬಿಸಿಲು, ಧೂಳು ಎರಡೂ ಆಗುತ್ತಿರಲಿಲ್ಲ. ಹೀಗೆ ಒಂದು ದಿನ ಬಿಲ್ಲಿನ ಮುಂದೆ ಕೂತ ಮೇಲೆ ಅವಳಿಗೆ ತನ್ನ ದಾರಿ ಗೊತ್ತಾಯಿತು. ಈಗ ಕಟ್ಟಡದ ಅಳತೆ, ಖರ್ಚಿನ ಲೆಕ್ಕ ನೋಡುವ ಕ್ವಾಂಟಿಟಿ ಸರ್ವೇಯರ್ ಆಗಿದ್ದಾಳೆ. ಸೈಟ್ ತನಗೆ ಆಗಿಬರುವುದಿಲ್ಲ ಎಂದು ನಾಲ್ಕು ವಾರದಲ್ಲೇ ತಿಳಿದದ್ದು ಅವಳಿಗೆ ಲಾಭವೇ ಆಯಿತು ಅಲ್ವಾ?

ಆ ಹುಡುಗ ಸೋಮವಾರದಿಂದ ಬರುತ್ತಾನೆ. ನಮ್ಮ ಎರಡನೇ ಮಹಡಿಯ ಮೋಲ್ಡ್ ಗುರುವಾರ ಇದೆ. ಅವತ್ತು ಬೆಳಿಗ್ಗೆ ಆರೂವರೆಗೇ ಬಾ, ಕ್ಯೂಬ್ ಡಬ್ಬಗಳಿಗೆ ಎಣ್ಣೆ ಸವರುವುದರಿಂದ ಶುರು ಮಾಡೋಣ ಎಂದಿದ್ದೇನೆ.