ವಿಜಯಪುರದ ಬಿಸಿಲಿಗೆ ಎಂಥ ಕಿಟಕಿ? ಕಟ್ಟಿಗೆಯೋ, ಫೈಬರ್‌ಗ್ಲಾಸೋ?

ಏಪ್ರಿಲ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಪಡುವಣ ಕೋಣೆಯ ಅಲ್ಯೂಮಿನಿಯಂ ಕಿಟಕಿ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಕೊನೆಗೆ ಅದನ್ನು ಕಿತ್ತು ಹೊಸದು ಕೂರಿಸಿದೆವು. ಆಗ ಕಲಿತದ್ದು ವಿಜಯಪುರದಲ್ಲಿ ಮನೆ ಕಟ್ಟಿಸುವವರಿಗೆ ಉಪಯೋಗಕ್ಕೆ ಬರಲಿ.

ಅಂಗಡಿಗೆ ಹೋಗುವ ಮೊದಲು ಯಾವ ಕಿಟಕಿಗೆ ಎಷ್ಟೊತ್ತಿಗೆ ಬಿಸಿಲು ಬೀಳುತ್ತದೆ ಎಂದು ಒಂದು ದಿನ ನೋಡಿ ಬರೆದುಕೊಳ್ಳಿ. ದಕ್ಷಿಣದ ಕಿಟಕಿಗೆ ಎರಡು ಅಡಿ ಛಜ್ಜಾ ಇದ್ದರೆ ಬೇಸಿಗೆಯ ನಡುಹಗಲಿನ ಬಿಸಿಲು ಗಾಜಿಗೆ ತಾಗದು. ಪಶ್ಚಿಮದ ಇಳಿಬಿಸಿಲು ಹಾಗಲ್ಲ, ಛಜ್ಜಾದ ಕೆಳಗಿನಿಂದ ನೇರ ಒಳಗೆ ನುಗ್ಗುತ್ತದೆ. ಆ ಕಡೆ ಕಿಟಕಿ ಚಿಕ್ಕದಿರಲಿ, ಹೊರಗೆ ಬಿದಿರಿನ ತಟ್ಟಿಯೋ ಬೇವಿನ ಮರವೋ ಇರಲಿ. ಒಳಗಿನ ಪರದೆ ಅಷ್ಟು ಉಪಯೋಗಕ್ಕೆ ಬಾರದು; ಅಷ್ಟೊತ್ತಿಗೆ ಕಾವು ಗಾಜು ದಾಟಿ ಬಂದಾಗಿರುತ್ತದೆ.

ಆಮೇಲೆ ಗಾಜು. ಎಲ್ಲರೂ ಚೌಕಟ್ಟಿನ ಬಗ್ಗೆಯೇ ಕೇಳುತ್ತಾರೆ, ಕಿಟಕಿಯ ಬಹುಪಾಲು ಮಾತ್ರ ಗಾಜೇ. ಸಾದಾ ಒಂಟಿ ಗಾಜು ಬಿಸಿಲಿನ ಕಾವಿನಲ್ಲಿ ಸುಮಾರು ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ನಡುವೆ 12 ಮಿ.ಮೀ. ಅಂತರವಿರುವ ಜೋಡಿ ಗಾಜು ಹೊರಗಿನ ಬಿಸಿ ಹರಿದು ಬರುವುದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ನೇರ ಬಿಸಿಲನ್ನು ಮಾತ್ರ ಅಷ್ಟಾಗಿ ತಡೆಯದು. ಅದಕ್ಕೆ ಸೋಲಾರ್ ಕಂಟ್ರೋಲ್ ಗುಣದ ಲೋ-ಇ ಲೇಪನ, ಅಂದರೆ ಬಿಸಿಲಿನ ಕಾವನ್ನು ಹೊರಕ್ಕೇ ತಿರುಗಿಸುವ ಕಣ್ಣಿಗೆ ಕಾಣದಷ್ಟು ತೆಳು ಲೋಹದ ಪದರ ಬೇಕು. ‘ಎಸ್‌ಎಚ್‌ಜಿಸಿ ಎಷ್ಟು?’ ಎಂದು ಕೇಳಿ; ಬಿಸಿಲಿನ ಕಾವಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎನ್ನುವ ಲೆಕ್ಕ ಅದು, 0.3ರ ಆಸುಪಾಸಿದ್ದರೆ ಒಳ್ಳೆಯದು. ಹೇಳಿದ ಗಾಜನ್ನೇ ಕೊಟ್ಟರೇ ಎಂದು ನೋಡಲು ಕತ್ತಲಲ್ಲಿ ಕಡ್ಡಿ ಗೀರಿ ಗಾಜಿನ ಮುಂದೆ ಹಿಡಿಯಿರಿ. ಜೋಡಿ ಗಾಜಿನಲ್ಲಿ ನಾಲ್ಕು ಜ್ವಾಲೆ ಕಾಣುತ್ತವೆ. ಲೇಪನವಿದ್ದರೆ ಒಂದರ ಬಣ್ಣ ಬೇರೆಯಾಗಿರುತ್ತದೆ. ಹಣ ಸಾಲದಿದ್ದರೆ ಪಶ್ಚಿಮಕ್ಕೆ ಮಾತ್ರ ಈ ಗಾಜು ಹಾಕಿಸಿ, ಉತ್ತರಕ್ಕೆ ಸಾದಾ ಸಾಕು.

ಈಗ ಚೌಕಟ್ಟು. ಅಲ್ಯೂಮಿನಿಯಂ ಕಾವನ್ನು ಕಟ್ಟಿಗೆಗಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ಹರಿಸುತ್ತದೆ. ಕಟ್ಟಿಗೆ, ಫೈಬರ್‌ಗ್ಲಾಸ್ ಎರಡೂ ಕಾವನ್ನು ತಡೆಯುತ್ತವೆ. ನನ್ನ ಒಲವು ಸಾಗವಾನಿಯ ಕಡೆಗೆ: ನಮ್ಮ ಬಡಿಗರಿಗೆ ಅದರ ಕೆಲಸ ಗೊತ್ತು, ಕೆಟ್ಟರೆ ಊರಲ್ಲೇ ರಿಪೇರಿ. ಆದರೆ ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಕೂರಿಸಿದರೆ ಮಾರ್ಚ್ ಹೊತ್ತಿಗೆ ಕುಗ್ಗಿ, ಬೆರಳ ಉಗುರು ಹೋಗುವಷ್ಟು ಸಂದಿ ಬಿಡುತ್ತದೆ. ಗೋಡೆಗೆ ತಾಗುವ ಬದಿಗೆ ಡಾಂಬರು ಬಳಿಸಿ, ಗೆದ್ದಲು ಏರದಿರಲಿ. ಕೆಲವು ವರ್ಷಕ್ಕೊಮ್ಮೆ ಪಾಲಿಶ್ ತಪ್ಪಿಸುವಂತಿಲ್ಲ.

ಆ ದೇಖರೇಖಿ ಆಗದವರಿಗೆ ಫೈಬರ್‌ಗ್ಲಾಸ್ ಸರಿ. ಗೆದ್ದಲು, ತುಕ್ಕು ಎರಡರ ಕಾಟವೂ ಇಲ್ಲ. ಗಾಜಿನ ಎಳೆಗಳಿಂದಲೇ ಮಾಡಿದ್ದರಿಂದ ಬಿಸಿಲಿಗೆ ಹಿಗ್ಗುವುದೂ ಹೆಚ್ಚುಕಡಿಮೆ ಗಾಜಿನಷ್ಟೇ, ಜೋಡಣೆ ಸಡಿಲಾಗುವುದು ಕಡಿಮೆ. ಬೆಲೆ ಜಾಸ್ತಿ, ಅಳತೆ ಕೊಟ್ಟು ತರಿಸಬೇಕು. ಒಂದು ಎಚ್ಚರಿಕೆ: ನಮ್ಮಲ್ಲಿ ಪ್ಲಾಸ್ಟಿಕ್‌ಗೂ ‘ಫೈಬರ್’ ಎನ್ನುವ ರೂಢಿಯಿದೆ. ನನಗೂ ಒಬ್ಬರು ಯುಪಿವಿಸಿ ತೋರಿಸಿ ಫೈಬರ್ ಎಂದರು. ಬಿಲ್ಲಿನಲ್ಲಿ ಹೆಸರು ಸ್ಪಷ್ಟವಾಗಿ ಬರೆಸಿಕೊಳ್ಳಿ.

ಸರಿಯುವ ಕಿಟಕಿಗಿಂತ ಕೀಲಿನ ಮೇಲೆ ತೆರೆಯುವ ಕಿಟಕಿ ಮೇಲು. ರಬ್ಬರ್ ಪಟ್ಟಿಗೆ ಒತ್ತಿ ಮುಚ್ಚುವುದರಿಂದ ಎರೆಮಣ್ಣಿನ ಧೂಳು ಒಳಗೆ ಬಾರದು. ರಾತ್ರಿ ಪೂರ್ತಿ ತೆರೆದರೆ ತಂಪು ಗಾಳಿ ಧಾರಾಳ.

ಕೂರಿಸಿದ ದಿನವೇ ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನ ಆಡಿಸಿ. ಹೊಗೆ ಬಾಗಿದಲ್ಲಿ ಸಂದಿಯಿದೆ. ಕೆಲಸಗಾರರು ಹೊರಡುವ ಮುಂಚೆ ಅಲ್ಲಿ ಸಿಲಿಕಾನ್ ತುಂಬಿಸಿ.